"ಎಷ್ಟು ದಿನ ಆಯ್ತು?" ಅಂತ ಕೇಳೋಣ

ಮಾನ್ಯ ಸಂಪಾದಕರೇ,

ಮಂಡ್ಯದಲ್ಲಿ 22 ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಮೈಯಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಜನ ಡಾಕ್ಟರಿಗಿಂತ ಮೊದಲು ಬರುವುದು ನಮ್ಮ ಕೌಂಟರಿಗೆ. ಅದಕ್ಕೇ ಈ ಪತ್ರ.

ಪಕ್ಕದ ಹಳ್ಳಿಯಿಂದ ಒಬ್ಬರು ಬರುತ್ತಿದ್ದರು. ಐವತ್ತರ ಆಸುಪಾಸು, ಕಬ್ಬಿನ ಗದ್ದೆ ಇದೆ. "ಬಾಯಿ ಹುಣ್ಣು, ಉಷ್ಣ ಆಗ್ಬುಟ್ಟದೆ ಕಣಣ್ಣ" ಅಂತ ಹೇಳಿ ಹುಣ್ಣಿಗೆ ಹಚ್ಚುವ ಜೆಲ್, ಜೊತೆಗೆ ಒಂದು ಸ್ಟ್ರಿಪ್ ಬಿ ಕಾಂಪ್ಲೆಕ್ಸ್ ತಗೊಂಡು ಹೋಗೋರು. ಸ್ವಲ್ಪ ದಿನಕ್ಕೆ ಮತ್ತೆ ಅದೇ. ಎಳನೀರು ಕುಡಿದೆ, ಮಜ್ಜಿಗೆ ಕುಡಿದೆ, ಖಾರ ಬಿಟ್ಟೆ ಅನ್ನೋರು. ಐದನೇ ಸಲ ಬಂದಾಗ ಯಾಕೋ ಕೇಳಿದೆ, ಅಣ್ಣ, ಇದು ಎಷ್ಟು ದಿನ ಆಯ್ತು? "ಗೌರಿ ಹಬ್ಬದಿಂದ" ಅಂದರು. ಆಗ ಸಂಕ್ರಾಂತಿ ಹತ್ತಿರ. ಬಾಯಿ ತೆಗೀರಿ ನೋಡೋಣ ಅಂದರೆ ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಎಲೆ ಅಡಿಕೆ ಹೊಗೆಸೊಪ್ಪನ್ನು ಎಡಗೆನ್ನೆಯ ಯಾವ ಸಂದಿಯಲ್ಲಿ ಒತ್ತರಿಸಿಕೊಳ್ಳುತ್ತಿದ್ದರೋ ಅದೇ ಜಾಗದಲ್ಲಿ ಹುಣ್ಣು. ಅಂಚು ಎದ್ದಿತ್ತು, ಸುತ್ತ ಬೆಳ್ಳಗೆ. ನೋವಿಲ್ವಾ ಅಂದೆ. "ನೋವಿದ್ದಿದ್ರೆ ಆವತ್ತೇ ಆಸ್ಪತ್ರೆಗೆ ಹೋಗ್ತಿರಲಿಲ್ವಾ?" ಅಂದರು.

ಆಸ್ಪತ್ರೆಯಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್. ದವಡೆಯ ಒಂದು ಭಾಗ ತೆಗೆಯಬೇಕಾಯಿತು. ಬದುಕಿದ್ದಾರೆ, ಗದ್ದೆಗೂ ಹೋಗುತ್ತಾರೆ. ಆದರೆ ಹುಟ್ಟಿದಾಗಿನಿಂದ ಮುದ್ದೆ ಉಂಡ ಮನುಷ್ಯ ಈಗ ರಾಗಿ ಅಂಬಲಿಯನ್ನು ಲೋಟದಲ್ಲಿ ಕುಡಿಯುತ್ತಾರೆ. ಮೊದಲ ನಾಲ್ಕು ಟ್ಯೂಬ್ ಮಾರಿದವನು ನಾನು. ಮೊದಲನೇ ಸಲ ಅಲ್ಲದಿದ್ದರೂ ಎರಡನೇ ಸಲವಾದರೂ ಆ ಒಂದು ಮಾತು ಕೇಳಬಹುದಿತ್ತು, ಅಲ್ವಾ? ಈ ಸಂಕಟ ನನ್ನಿಂದ ಹೋಗಿಲ್ಲ.

ಏನೇ ಆದರೂ ಅದಕ್ಕೊಂದು ಹೆಸರು ನಮ್ಮ ಹತ್ತಿರ ಮೊದಲೇ ರೆಡಿ ಇರುತ್ತೆ. ಬಾಯಿ ಹುಣ್ಣಾದರೆ ಉಷ್ಣ. ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ. ಅನ್ನ ಗಂಟಲಲ್ಲಿ ತಡೆದರೆ ಗ್ಯಾಸ್ಟ್ರಿಕ್, ಕೆಮ್ಮು ನಿಲ್ಲದಿದ್ದರೆ ಬೀಡಿ ಕೆಮ್ಮು. ಬಹಳ ಸಲ ಅದು ನಿಜವೂ ಹೌದು, ಬಾಯಿ ಹುಣ್ಣಾದವರಿಗೆಲ್ಲ ಕ್ಯಾನ್ಸರ್ ಅಂತ ಹೆದರಿಸುವುದು ನನ್ನ ಉದ್ದೇಶ ಅಲ್ಲ. ಹೋದ ಸಲ ತಾನಾಗೇ ವಾಸಿಯಾಗಿತ್ತು, ಹಾಗಾಗಿ ಈ ಸಲವೂ ಆಗುತ್ತೆ ಅಂತ ಕಾಯುತ್ತೇವೆ, ಅಲ್ಲೇ ಎಡವುವುದು. ಇನ್ನೊಂದು, ನಾವು ಎಲ್ಲವನ್ನೂ ನೋವಿನಿಂದಲೇ ಅಳೆಯುತ್ತೇವೆ. ಹಲ್ಲು ನೋವಿಗೆ ರಾತ್ರಿ ಹನ್ನೊಂದಕ್ಕೆ ಬಂದು ಶಟರ್ ಬಡಿಯುತ್ತಾರೆ. ಸ್ತನದಲ್ಲಿ ಗಂಟು ಸಿಕ್ಕಿದರೆ, ಅದು ನೋಯದಿದ್ದರೆ, ವರ್ಷಗಟ್ಟಲೆ ಸುಮ್ನೆ ಇರುತ್ತಾರೆ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ನೋವು ಬಾರದಿದ್ದರೂ ಎಷ್ಟು ದಿನದಿಂದ ಇದೆ ಅಂತ ಲೆಕ್ಕ ಇಡಬೇಕು. ಹುಣ್ಣು ಎರಡು ವಾರ ದಾಟಿದರೆ ತೋರಿಸಲೇಬೇಕು. ಕೆಮ್ಮೂ ಅಷ್ಟೇ, ಅದು ಟಿಬಿ ಆಗಿರಬಹುದು, ಬೇರೆ ಏನಾದರೂ ಆಗಿರಬಹುದು. ಗಂಟು ಸಿಕ್ಕಿದರೆ ವಾರ ಕಾಯುವ ಅಗತ್ಯವೂ ಇಲ್ಲ.

ಹೆಂಗಸರ ವಿಷಯ ಇನ್ನೂ ಕಷ್ಟ. ನಮ್ಮ ಚಿಕ್ಕಮ್ಮನಿಗೆ ಮುಟ್ಟು ನಿಂತು ಮೂರು ವರ್ಷ ಆಗಿತ್ತು, ಮತ್ತೆ ಕಲೆ ಕಾಣಿಸಿತು. ಮತ್ತೆ ಮುಟ್ಟಾದೆ ಅಂದುಕೊಂಡು ಆ ದಿನಗಳಲ್ಲಿ ದೇವರ ಮನೆಗೆ ಹೋಗದೆ, ಹಳೇ ಸೀರೆ ಹರಿದು ಬಟ್ಟೆ ಮಾಡಿಕೊಂಡು, ಅದನ್ನು ಬೆಳಗಿನ ಜಾವ ಎದ್ದು ಒಗೆದು ಹಿತ್ತಲಲ್ಲಿ ಒಣಗಿಸಿ, ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಇಬ್ಬರೂ ಗಂಡು ಮಕ್ಕಳು, ಹೇಳುವುದಾದರೂ ಯಾರಿಗೆ? ಚಿಕ್ಕ ಮಗನ ಮದುವೆ ಮುಗಿಯಲಿ ಅಂತಲೂ ಕಾದರು. ಕೊನೆಗೆ ನನ್ನ ಹೆಂಡತಿಗೆ ಹೇಳಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಕರೆಂಟ್ ಕೊಡೋದು ಅಂತಾರಲ್ಲ, ರೇಡಿಯೇಷನ್, ಅದಕ್ಕೆ ವಾರಗಟ್ಟಲೆ ಮೈಸೂರಿಗೆ ಓಡಾಡಿದೆವು. ಈಗ ಹುಷಾರಾಗಿದ್ದಾರೆ. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದೇ ಒಂದು ಕಲೆ ಕಂಡರೂ ತೋರಿಸಬೇಕು ಅಂತ ಡಾಕ್ಟರ್ ಹೇಳಿದಾಗ ಚಿಕ್ಕಮ್ಮ ಕೇಳಿದ್ದು, "ಇದನ್ನ ಯಾರೂ ಹೇಳಲೇ ಇಲ್ವಲ್ಲಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಮಾತು ದಿನಾ ಕಿವಿಗೆ ಬೀಳುತ್ತೆ. ಸೂಜಿ ಚುಚ್ಚಿದರೆ, ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತೆ ಅಂತ. ಆಗುವುದು ಏನೆಂದರೆ, ಜನ ಅಷ್ಟು ತಡವಾಗಿ ಹೋಗಿರುತ್ತಾರೆ, ಚೂರು ತೆಗೆಯುವ ಹೊತ್ತಿಗೆ ಅದು ಆಗಲೇ ಹರಡಿರುತ್ತೆ, ಆಮೇಲೆ ತಪ್ಪೆಲ್ಲ ಸೂಜಿಯ ಮೇಲೆ ಬರುತ್ತೆ. ಆ ಪರೀಕ್ಷೆ ಮಾಡದೆ ಯಾವ ಕಾಯಿಲೆ ಅಂತ ಗೊತ್ತಾಗುವುದು ಹೇಗೆ? ಹಾಗೇ, "ಹೊಗೆಸೊಪ್ಪು ಬಿಟ್ಟಿದ್ದೀನಿ, ಬರೀ ಅಡಿಕೆ" ಅನ್ನುವವರಿಗೂ ಹೇಳುತ್ತೇನೆ, ಬರೀ ಅಡಿಕೆಯಿಂದಲೂ ಬಾಯಿ ಬಿಗಿಯುತ್ತೆ, ಕ್ಯಾನ್ಸರೂ ಬರುತ್ತೆ.

30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಬಾಯಿ ಈ ಮೂರರ ತಪಾಸಣೆ ಸರ್ಕಾರದ ಕಡೆಯಿಂದ ಪುಕ್ಕಟೆ ಇದೆ. ಗರ್ಭಕೋಶದ ಬಾಯಿಗೆ ಒಂದು ದ್ರಾವಣ ಹಚ್ಚಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇಷ್ಟಿದ್ದೂ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳಿದರೆ, ಜಗುಲಿಯಲ್ಲಿ ಕೂತ ಗಂಡಸರೇ "ನಮ್ಮನೇಲಿ ಯಾರಿಗೂ ಏನೂ ಇಲ್ಲ ಕಣಮ್ಮ" ಅಂತ ಕಳಿಸಿಬಿಡುತ್ತಾರೆ. ದಯವಿಟ್ಟು ಆ ಹತ್ತು ನಿಮಿಷ ಎದ್ದು ಆಚೆ ಹೋಗಿ. ನೀವು ಕೂತಿದ್ದರೆ ಹೆಂಗಸರು ಬಾಯಿ ಬಿಡುವುದಿಲ್ಲ.

ನಾನು ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಹುಣ್ಣಿನ ಜೆಲ್ ಕೊಡುವಾಗ ಎಷ್ಟು ದಿನ ಆಯ್ತು ಅಂತ ಕೇಳುತ್ತೇನೆ. ಇವತ್ತು ನಿನ್ನೆಯದಾದರೆ, ಎರಡು ವಾರ ಮುಂದಿನ ತಾರೀಖನ್ನು ಪೆನ್ನಲ್ಲಿ ಡಬ್ಬಿ ಮೇಲೆ ಬರೆದು ಕೊಡುತ್ತೇನೆ. ಆ ತಾರೀಖಿಗೂ ವಾಸಿ ಆಗಿಲ್ಲ ಅಂದರೆ ಇನ್ನೊಂದು ಟ್ಯೂಬ್ ಕೊಡುವುದಿಲ್ಲ, ಹಲ್ಲಿನ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಒಂದಿಬ್ಬರು ಸಿಟ್ಟು ಮಾಡಿಕೊಂಡು ಬೇರೆ ಅಂಗಡಿಗೆ ಹೋದರು. ಆ ಅಂಗಡಿಯವರೂ ಇದನ್ನೇ ಕೇಳಿದರೆ ಅವರು ಎಲ್ಲಿಗೆ ಹೋಗುತ್ತಾರೆ, ಆಸ್ಪತ್ರೆಗೇ ತಾನೇ? ಅದಕ್ಕೇ ಜಿಲ್ಲೆಯ ಎಲ್ಲ ಮೆಡಿಕಲ್ ಸ್ಟೋರಿನವರಿಗೆ ನಿಮ್ಮ ಪತ್ರಿಕೆ ಮೂಲಕ ಕೈಮುಗಿದು ಕೇಳುತ್ತಿದ್ದೇನೆ, ನೀವೂ ತಾರೀಖು ಬರೆಯಿರಿ. ಸಂಪಾದಕರೇ, ನನ್ನ ಪತ್ರಕ್ಕೆ ಇಷ್ಟು ಜಾಗ ಇಲ್ಲದಿದ್ದರೆ ಉಳಿದದ್ದನ್ನು ಕತ್ತರಿಸಿ, ಈ ಕೊನೆಯ ಮಾತನ್ನು ಮಾತ್ರ ಹಾಕಿ.

ಇಂತಿ,
ಒಬ್ಬ ಮೆಡಿಕಲ್ ಸ್ಟೋರಿನವನು, ಮಂಡ್ಯ