ಮಳೆ ಸುದ್ದಿಯಲ್ಲಿ ಗಾಳಿಯನ್ನೂ ದಪ್ಪಕ್ಷರದಲ್ಲಿ ಹಾಕಿ

ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ ಕೊನೆ, ಮೇ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಆ ಸುದ್ದಿ ಇದ್ದೇ ಇರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿಗೆ ಯೆಲ್ಲೋ ಅಲರ್ಟ್, ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ನಮ್ಮ ಕಣ್ಣು ಮಳೆ ಅನ್ನೋ ಮಾತಿನ ಮೇಲೇ ನಿಲ್ಲುತ್ತದೆ. ಗಾಳಿಯ ತನಕ ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ನಮ್ಮದು ಗಂಗಾವತಿ ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಭರಣಿ ಮಳೆ ಹೊತ್ತಿಗೆ ಕಟಾವು ಮುಗಿಯುತ್ತಾ ಬಂದಿರುತ್ತದೆ. ಗದ್ದೆ ತುಂಬಾ ಒಣ ಕೂಳೆ, ಅಂದರೆ ಕೊಯ್ದ ಮೇಲೆ ಉಳಿದ ಬುಡ. ಆಗ ಮಳೆ ಸುದ್ದಿ ಬಂದರೆ ಸಾಕು, ನೆನೆದ ಮೇಲೆ ಹತ್ತಿಕೊಳ್ಳೋದಿಲ್ಲ ಅಂತ ಅವತ್ತೇ ಕಡ್ಡಿ ಗೀರುತ್ತೇವೆ. ಬೆಂಕಿ ಹಚ್ಚಲೇಬಾರದ ದಿನವನ್ನೇ ಹುಡುಕಿ ಹಚ್ಚಿದ ಹಾಗಾಯಿತು, ಅಲ್ವಾ?

ಅಂಥದ್ದೇ ಒಂದು ದಿನ, ಮಧ್ಯಾಹ್ನ ಮೂರು ಗಂಟೆ. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಪಕ್ಕದ ಗದ್ದೆಯವರು ಕೂಳೆಗೆ ಬೆಂಕಿ ಇಟ್ಟರು, ಹೊಗೆ ನೆಟ್ಟಗೆ ಮೇಲೇಳುವುದನ್ನು ನೋಡಿ ಚಹಾ ಕುಡಿಯಲು ಹೋದರು. ನಾಲ್ಕೂವರೆಗೆ ಆನೆಗೊಂದಿ ಗುಡ್ಡದ ಕಡೆ ಮೋಡ ಕಪ್ಪಾಯಿತು. ಒಮ್ಮೆಲೇ ತಣ್ಣನೆ ಗಾಳಿ, ಕಣ್ಣಿಗೆಲ್ಲ ಧೂಳು, ಉರಿಯುವ ಹುಲ್ಲಿನ ಎಳೆಗಳು ಬಂಡಿದಾರಿ ದಾಟಿ ಹಾರಿಬಂದು ನಮ್ಮ ಬಣವೆಯ ನೆತ್ತಿಗೆ ಬಿದ್ದವು. ಮೊದಲು ಅಂಗೈ ಅಗಲ ಕಪ್ಪಾಗಿತ್ತು ಅಷ್ಟೆ. ಕೊಡ ತುಂಬಿ ತರುವಷ್ಟರಲ್ಲಿ ಒಳಗಿಂದ ಚಟಚಟ ಸದ್ದು. ಅಗ್ನಿಶಾಮಕದ ಗಾಡಿ ಬಂತು, ಆದರೆ ಹೊಲದ ದಾರಿ ಅದಕ್ಕೆ ಸಾಲಲಿಲ್ಲ. ಎರಡು ಎಮ್ಮೆ, ಒಂದು ಜೋಡಿ ಎತ್ತಿನ ವರ್ಷದ ಮೇವು ಬೂದಿ. ಮಳೆ ಬಂತಾ ಅಂದರೆ, ನಾಲ್ಕು ಹನಿ.

ಆಮೇಲೆ ಕೇಳಿ ತಿಳಿದುಕೊಂಡೆ. ಬೇಸಿಗೆಯಲ್ಲಿ ನಮ್ಮ ಕಡೆ ನೆಲದ ಮೇಲಿನ ಗಾಳಿ ಒಣಗಿ ಕಾದಿರುತ್ತದೆ, ಮೋಡದಿಂದ ಬಿದ್ದ ಹನಿ ದಾರಿಯಲ್ಲೇ ಆವಿಯಾಗುತ್ತದೆ, ಹಾಗೆ ಆವಿಯಾಗುವಾಗ ಸುತ್ತಲ ಗಾಳಿ ತಣ್ಣಗಾಗಿ ಭಾರವಾಗಿ ಧಪ್ಪನೆ ಕೆಳಗೆ ಬಿದ್ದು ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಅದಕ್ಕೇ ಮುಂಗಾರಿಗೆ ಮುಂಚಿನ ಈ ಅಡ್ಡಮಳೆಯಲ್ಲಿ ಮೊದಲು ಗಾಳಿ, ಆಮೇಲೆ ಮಳೆ. ಎಷ್ಟೋ ಸಲ ಮಳೆಯೇ ಇಲ್ಲ. ದಿಕ್ಕನ್ನೂ ನಂಬುವ ಹಾಗಿಲ್ಲ, ಮೋಡ ಯಾವ ಕಡೆಯೋ ಗಾಳಿ ಆ ಕಡೆಯಿಂದ.

ಗುಡ್ಡದಲ್ಲಿ ಇನ್ನೂ ಕಷ್ಟ. ಸಂಡೂರು ಗುಡ್ಡಗಳ ಕಡೆ ಬೇಸಿಗೆಯಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ಬೆಂಕಿ ಏರಿನಲ್ಲಿ ಇಳಿಜಾರಿಗಿಂತ ಜೋರಾಗಿ ಓಡುತ್ತದೆ, ಅದಕ್ಕೆ ಈ ಗಾಳಿ ಸೇರಿದರೆ ಮುಗೀತು. ಸಿಡಿಲಿಗೆ ಹೊತ್ತಿತು ಅಂತ ಹೇಳಿಬಿಡುವುದು ಸುಲಭ, ಜಾಸ್ತಿ ಸಲ ಹಚ್ಚಿದ್ದು ಮನುಷ್ಯರ ಕೈ. ಊರೊಳಗೆ ಜೋತುಬಿದ್ದ ಕರೆಂಟ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುವುದು ಬೇರೆ. ಬಿಗಿ ಮಾಡಿಕೊಡಿ ಅಂತ ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿದೆ.

ನಾನು ಕೇಳುವುದು ಇಷ್ಟೆ. ಮಳೆ ಸುದ್ದಿಯಲ್ಲಿ ಗಾಳಿಯ ವೇಗವನ್ನು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ 'ಇವತ್ತು ಹೊಲದಲ್ಲಿ ಬೆಂಕಿ ಬೇಡ' ಅಂತ ಒಂದು ಸಾಲು ಸೇರಿಸಿ. ಗ್ರಾಮ ಪಂಚಾಯಿತಿಯವರೂ ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯ ಮೈಕಿನಲ್ಲಿ ಅದನ್ನೇ ಕೂಗಿಸಬಹುದು, ದುಡ್ಡೇನೂ ಬೇಕಿಲ್ಲ. ಕೂಳೆ ಸುಡುವುದೇ ತಪ್ಪಲ್ವಾ ಅಂತ ನೀವು ಕೇಳಬಹುದು. ಗೊತ್ತು ಸರ್, ಕೂಳೆಯನ್ನು ಮಣ್ಣಿಗೆ ಸೇರಿಸುವ ರೋಟವೇಟರ್ ಬಾಡಿಗೆ ಎಷ್ಟು ಅಂತಲೂ ಗೊತ್ತು. ಆ ಜಗಳ ಇನ್ನೊಂದು ಪತ್ರಕ್ಕೆ ಇರಲಿ.

ಗಂಗಾವತಿ ತಾಲ್ಲೂಕಿನ ಒಬ್ಬ ರೈತ