ನಿಲ್ದಾಣದ ಕೆಳಗಿನ ಚಿತ್ರಗಳು: ಯುವ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ತಂಗಿ,

ಡಿಸ್ನಿಲ್ಯಾಂಡಿನ ರೈಲು ನಿಲ್ದಾಣದ ಬಗ್ಗೆ ನೀನು ಕಳುಹಿಸಿದ ಲೇಖನ ಓದಿದೆ. ಕ್ಯಾಲಿಫೋರ್ನಿಯಾಕ್ಕೆ ಹೋದ ನಮ್ಮವರು ಆ ಉದ್ಯಾನದ ಕುರಿತು ಬರೆದರೆ ಸಾಮಾನ್ಯವಾಗಿ ಕೋಟೆ, ಮೆರವಣಿಗೆ, ಉದ್ದನೆಯ ಸರದಿ ಸಾಲು, ಅಲ್ಲಿಗೆ ಮುಗಿಯಿತು. ನೀನು ಉದ್ಯಾನದ ಮೊದಲ ಬೀದಿಯಾದ ಮೇನ್ ಸ್ಟ್ರೀಟ್‌ನ ನಿಲ್ದಾಣದ ಕೆಳಗಿನ ಸುರಂಗದಲ್ಲಿ ನಿಂತು ಗೋಡೆಯ ಪೋಸ್ಟರುಗಳನ್ನು ನೋಡಿದ್ದೀಯ. ಆ ಆಯ್ಕೆ ನನಗೆ ತುಂಬ ಹಿಡಿಸಿತು. ಆದರೆ ಎರಡನೆಯ ಪುಟದಿಂದ ಬರಹ ಸೊರಗುತ್ತದೆ. ಏಕೆಂದು ಹೇಳುತ್ತೇನೆ.

ಇಷ್ಟು ಚಂದದ ಚಿತ್ರಗಳನ್ನು ಯಾರೂ ತಿರುಗಿಯೂ ನೋಡುವುದಿಲ್ಲ ಎಂಬ ಒಂದೇ ಮಾತನ್ನು ಹಲವು ರೂಪಗಳಲ್ಲಿ ಹೇಳಿದ್ದೀಯ. ಜನರ ಕಣ್ಣು ತಪ್ಪಿದ ಕಲೆಯನ್ನು ಕಂಡಾಗ ಮರುಕ ಹುಟ್ಟುವುದು ಸಹಜ. ಆ ಮರುಕವೇ ಬರಹವಾಗಿಬಿಟ್ಟರೆ ಚಿತ್ರ ಹಿಂದೆ ಸರಿದು ಬರೆಯುವವರ ಒಳ್ಳೆಯತನ ಮುಂದೆ ಬಂದು ನಿಲ್ಲುತ್ತದೆ. ಓದುಗರಿಗೆ ಚಿತ್ರ ಬೇಕು. ಅದು ಆ ಗೋಡೆಗೆ ಏಕೆ ಬಂತು, ಹಾಗೆಯೇ ಏಕೆ ಇದೆ ಎಂದು ಮೊದಲು ವಿಚಾರಿಸು.

ಜಾಗದಿಂದ ಆರಂಭಿಸು. 1955ರ ಜುಲೈ 17ರಂದು ಅನಹೈಮ್‌ನಲ್ಲಿ ಉದ್ಯಾನ ತೆರೆದ ದಿನವೇ ಆ ಪುಟ್ಟ ಉಗಿಬಂಡಿಯೂ ಓಡಿತು. ಹೊರಗಿನ ಊರು ಒಳಗಿದ್ದವರ ಕಣ್ಣಿಗೆ ಬೀಳಬಾರದೆಂದು ಉದ್ಯಾನದ ಸುತ್ತ ಮಣ್ಣಿನ ಏರಿ ಹಾಕಿದರು. ಆ ಏರಿಯ ಮೇಲೆ ಹಳಿ, ಹಳಿಯ ಪಕ್ಕದಲ್ಲಿ ನಿಲ್ದಾಣ. ಹಾಗಾಗಿ ಮುಖ್ಯದ್ವಾರದಿಂದ ಬಂದವರೆಲ್ಲ ಹಳಿಯ ಕೆಳಗಿನ ಎರಡು ಸುರಂಗಗಳಲ್ಲಿ ಒಂದನ್ನು ಹಾದೇ ಒಳಹೋಗಬೇಕು. ಇಂದಿನ ದಿನವನ್ನು ಇಲ್ಲಿ ಬಿಟ್ಟು ನಿನ್ನೆಯ, ನಾಳೆಯ ಮತ್ತು ಕಲ್ಪನೆಯ ಲೋಕವನ್ನು ಹೊಗುತ್ತೀರಿ ಎಂಬರ್ಥದ ಫಲಕ ಸುರಂಗದ ಬಾಯಿಯ ಮೇಲಿದೆ. ಅದನ್ನು ನೀನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಪೋಸ್ಟರುಗಳಿಗೆ ಅಲ್ಲಿರುವ ಕೆಲಸವನ್ನು ಅರ್ಥ ಮಾಡಿಸುವುದೇ ಆ ಫಲಕ. ಈ ಉದ್ಯಾನವನ್ನು ಕಟ್ಟಿಸಿದ ವಾಲ್ಟ್ ಡಿಸ್ನಿ ಸಿನಿಮಾದ ಮನುಷ್ಯ. ಚಿತ್ರಮಂದಿರದಲ್ಲಿ ಟಿಕೆಟ್ ಹರಿಸಿಕೊಂಡು ಪರದೆಯ ಕಡೆಗೆ ನಡೆಯುವಾಗ ಇಕ್ಕೆಲದಲ್ಲೂ ಮುಂಬರುವ ಚಿತ್ರಗಳ ಪೋಸ್ಟರುಗಳಿರುತ್ತವಲ್ಲ, ಈ ಸುರಂಗವೂ ಅದೇ ನಡಿಗೆಯ ದಾರಿ. ಪ್ರತಿಯೊಂದು ಪೋಸ್ಟರೂ ಒಳಗಿರುವ ಒಂದೊಂದು ಆಟದ ಕರೆಯೋಲೆ.

ಈಗ ನೋಡುವವರ ದೇಹವನ್ನು ಗಮನಿಸು. ಬೆಳಗಿನ ಹೊತ್ತು, ಕಣ್ಣು ಕುಕ್ಕುವ ಬಿಸಿಲಿನಿಂದ ಒಮ್ಮೆಲೇ ನೆರಳಿಗೆ ಬಂದಿದ್ದಾರೆ, ಮಗು ಕೈ ಹಿಡಿದು ಎಳೆಯುತ್ತಿದೆ, ಸುರಂಗದ ಆಚೆ ತುದಿಯಲ್ಲಿ ಮೇನ್ ಸ್ಟ್ರೀಟ್ ಬೆಳಗುತ್ತಿದೆ. ಒಂದು ಚಿತ್ರಕ್ಕೆ ಸಿಗುವುದು ಕೆಲವೇ ಕ್ಷಣ. ಬರೆದ ಕಲಾವಿದರಿಗೆ ಇದು ಗೊತ್ತಿತ್ತು. ನಡೆದುಹೋಗುವವರ ಕಣ್ಣಂಚಿಗೆ ನಾಟಲೆಂದೇ ಅವರು ಬರೆದರು. ಆದ್ದರಿಂದ ಯಾರೂ ನಿಲ್ಲುವುದಿಲ್ಲ ಎಂಬುದು ಆ ಚಿತ್ರಗಳಿಗೆ ಆದ ಅನ್ಯಾಯವಲ್ಲ, ಅವು ಒಪ್ಪಿಕೊಂಡ ಷರತ್ತು. ನಿನ್ನ ಲೇಖನದ ತಿರುಳು ಇಲ್ಲಿದೆ ಎಂದು ನಾನು ನಂಬುತ್ತೇನೆ.

ಆ ಷರತ್ತಿಗೆ ಅವರು ಕಂಡುಕೊಂಡ ಉತ್ತರ ಸಿಲ್ಕ್ ಸ್ಕ್ರೀನ್ ಮುದ್ರಣ. ಚೌಕಟ್ಟಿಗೆ ಬಿಗಿದ ತೆಳುಬಟ್ಟೆ. ಬಣ್ಣ ಬೇಡದ ಕಡೆ ಬಟ್ಟೆಯ ರಂಧ್ರಗಳನ್ನು ಮುಚ್ಚುತ್ತಾರೆ, ಉಳಿದ ಕಡೆಯಿಂದ ರಬ್ಬರ್ ಪಟ್ಟಿಯಲ್ಲಿ ಬಣ್ಣವನ್ನು ಒತ್ತಿ ಎಳೆಯುತ್ತಾರೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಒಂದು ಒಣಗಿದ ಮೇಲೆ ಇನ್ನೊಂದು, ಕೂದಲೆಳೆಯಷ್ಟೂ ಸರಿಯದಂತೆ. ಬಣ್ಣ ಹೆಚ್ಚಿದಷ್ಟೂ ದುಡಿಮೆ ಹೆಚ್ಚು, ಖರ್ಚು ಹೆಚ್ಚು. ಹೀಗಾಗಿ ಕಲಾವಿದ ಲೆಕ್ಕ ಹಾಕುತ್ತಾನೆ: ಈ ನೀಲಿಯೇ ಆಕಾಶಕ್ಕೂ ನೀರಿಗೂ ಆದೀತೇ? ಈ ಕಪ್ಪೇ ನೆರಳಿಗೂ ಅಕ್ಷರಕ್ಕೂ ಸಾಕಾದೀತೇ? ನೀನು ಮೆಚ್ಚಿಕೊಂಡ ಆ ಸಪಾಟು ಬಣ್ಣದ ದೊಡ್ಡ ಆಕಾರಗಳು, ದೂರದಿಂದಲೇ ಓದಿಸಿಕೊಳ್ಳುವ ಅಕ್ಷರಗಳು ಈ ಲೆಕ್ಕಾಚಾರದಿಂದ ಹುಟ್ಟಿದವು. ನೀನು 'ಅದ್ಭುತ', 'ಮನಮೋಹಕ' ಎಂದು ಬರೆದಿರುವ ಕಡೆಯಲ್ಲೆಲ್ಲ ಈ ಕೆಲಸವನ್ನು ತುಂಬು, ವಿಶೇಷಣಗಳ ಅಗತ್ಯವೇ ಬೀಳುವುದಿಲ್ಲ. ರಜೆಗೆ ಊರಿಗೆ ಬಂದಾಗ ಲಗ್ನಪತ್ರಿಕೆ ಅಚ್ಚು ಹಾಕುವ ಯಾವುದಾದರೂ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕುಳಿತುಕೋ. ಎರಡನೆಯ ಬಣ್ಣವನ್ನು ಮೊದಲನೆಯದರ ಮೇಲೆ ಕೂರಿಸುವಾಗ ಆ ಕೆಲಸಗಾರರು ಉಸಿರು ಬಿಗಿಹಿಡಿಯುವುದನ್ನು ನೋಡಿದರೆ ನಿನ್ನ ವಾಕ್ಯಗಳು ತಾವಾಗಿ ಬದಲಾಗುತ್ತವೆ.

ಇದೇ ರೈಲುಮಾರ್ಗದಲ್ಲಿ ಇನ್ನೊಂದು ಚಿತ್ರವಿದೆ. 1958ರಲ್ಲಿ ಡೆಲ್ಮರ್ ಯೋಕಮ್ ಬರೆದ ಗ್ರ್ಯಾಂಡ್ ಕ್ಯಾನ್ಯನ್ ದೃಶ್ಯ: 306 ಅಡಿ ಉದ್ದ, 34 ಅಡಿ ಎತ್ತರ, ಹೊಲಿಗೆಯಿಲ್ಲದ ಒಂದೇ ಕ್ಯಾನ್ವಾಸ್. ಅಲ್ಲಿ ರೈಲು ಕತ್ತಲ ಸುರಂಗವನ್ನು ಹೊಗುತ್ತದೆ, ಸಂಗೀತ ಏಳುತ್ತದೆ, ಕುಳಿತವರೆಲ್ಲ ಒಂದೇ ಕಡೆಗೆ ಮುಖ ಮಾಡಿರುತ್ತಾರೆ. ನೋಡಿ ಎಂದು ಹೇಳಲು ಇಡೀ ವ್ಯವಸ್ಥೆ ನಿಂತಿದೆ. ಎರಡನ್ನೂ ಎದುರುಬದುರು ಇಟ್ಟು ಒಂದು ಪ್ಯಾರಾ ಬರೆ. ಯಾವುದು ಮೇಲು ಎಂಬ ತೀರ್ಪು ಬೇಡ.

ಇದೇ ಮಾರ್ಗದ ನ್ಯೂ ಆರ್ಲಿಯನ್ಸ್ ಸ್ಕ್ವೇರ್ ನಿಲ್ದಾಣವನ್ನು ನೀನು ಬಿಟ್ಟೇಬಿಟ್ಟಿದ್ದೀಯ, ನನಗೆ ಅದರ ಮೇಲೆ ಮೋಹ ಹೆಚ್ಚು. ಅಲ್ಲಿ ಹಳಿಯ ಆಚೆ ಬದಿಗೆ ಮರದ ಒಂದು ಚಿಕ್ಕ ಕಟ್ಟಡವಿದೆ, ಪ್ರಯಾಣಿಕರು ಅದರೊಳಗೆ ಕಾಲಿಡುವುದಿಲ್ಲ. 1940ರ ದಶಕದಲ್ಲಿ ಡಿಸ್ನಿಯವರ ಒಂದು ಚಲನಚಿತ್ರಕ್ಕೆ ರೈಲು ನಿಲ್ದಾಣದ ಸೆಟ್ ಹಾಕಿದ್ದರು. ಚಿತ್ರೀಕರಣದ ಬಳಿಕ ಅದು ಅನಿಮೇಟರ್ ವಾರ್ಡ್ ಕಿಂಬಲ್ ಅವರ ಪಾಲಾಯಿತು. ತಮ್ಮ ಮನೆಯ ಹಿತ್ತಲಲ್ಲಿ ನಿಜವಾದ ಉಗಿಬಂಡಿ ಓಡಿಸುತ್ತಿದ್ದ ಮನುಷ್ಯ ಅವರು. ಉದ್ಯಾನಕ್ಕೆಂದು ಡಿಸ್ನಿ ಅದನ್ನು ಮರಳಿ ಕೇಳಿದಾಗ ಕಿಂಬಲ್ ಕೊಡಲಿಲ್ಲ. ಹಳೆಯ ನಕ್ಷೆಯನ್ನೇ ಹಿಡಿದು ಹೊಸದನ್ನು ಕಟ್ಟಬೇಕಾಯಿತು. ಆ ನಿಲ್ದಾಣದಲ್ಲಿ ಟೆಲಿಗ್ರಾಫ್ ಸದ್ದು ಕಟಕಟ ಕೇಳುತ್ತಲೇ ಇರುತ್ತದೆ. ಕಾಯುವವರಿಗೆ ಅದು ಹಳೆಗಾಲದ ಸದ್ದು, ಅಷ್ಟೇ. ಸಂಕೇತ ಬಲ್ಲವರು ಕಿವಿಗೊಟ್ಟರೆ 1955ರ ಆರಂಭದ ದಿನ ಡಿಸ್ನಿ ಮಾಡಿದ ಭಾಷಣದ ಮೊದಲ ಸಾಲುಗಳು ಕೇಳುತ್ತವೆ. ಏನೋ ಒಂದು ಕಟಕಟ ಸದ್ದು ಹಾಕಿದ್ದರೂ ನಡೆಯುತ್ತಿತ್ತು. ಹಾಕಿದವರು ಹಾಗೆ ಮಾಡಲಿಲ್ಲ. ಇಂಥ ಶ್ರದ್ಧೆಯನ್ನು ಕಂಡಲ್ಲಿ ನಿಧಾನಿಸು, ಅದಕ್ಕೆ ಧಾರಾಳವಾಗಿ ಪುಟ ಕೊಡು.

ಕೊನೆಯದಾಗಿ ಹೆಸರುಗಳು. ಪೋಸ್ಟರುಗಳಲ್ಲಿ ಆಟದ ಹೆಸರು ದೊಡ್ಡದಾಗಿದೆ. ಅದನ್ನು ಬರೆದ ಕೈ ಯಾರದೆಂಬುದನ್ನು ಹುಡುಕಿಯೇ ತಿಳಿಯಬೇಕು. ಆರಂಭದ ವರ್ಷಗಳಲ್ಲಿ ಬ್ಯೋರ್ನ್ ಆರನ್ಸನ್, ಅವರ ಬಳಿಕ ಪಾಲ್ ಹಾರ್ಟ್ಲಿ ಮೊದಲಾದವರು ಇವನ್ನು ರೂಪಿಸಿದರು. ಮ್ಯಾಟರ್‌ಹಾರ್ನ್ ಎಂಬ ಕೃತಕ ಹಿಮಪರ್ವತದ ಆಟ, ಜಲಾಂತರ್ಗಾಮಿ, ಮಾನೊರೈಲು, ಈ ಮೂರೂ ಉದ್ಯಾನಕ್ಕೆ ಬಂದದ್ದು 1959ರಲ್ಲಿ. ಆ ವರ್ಷದ ಪೋಸ್ಟರುಗಳನ್ನು ಮೊದಲಿನವುಗಳ ಜೊತೆಗೆ ಹರಡಿಕೊಂಡು ಕೈ ಹೇಗೆ ಬದಲಾಗಿದೆ ನೋಡು. ಜನರು ನಿಂತು ನೋಡಲಿಲ್ಲವೆಂದು ಕೊರಗುವ ಬದಲು ಕಲಾವಿದರ ಹೆಸರನ್ನು ತಪ್ಪಿಲ್ಲದೆ ಬರೆ. ನೀನು ಅವರಿಗೆ ಮಾಡಬಹುದಾದ ಉಪಕಾರ ಅದು.

ಮೊದಲ ಪುಟವನ್ನು ಮುಟ್ಟಬೇಡ, ಚೆನ್ನಾಗಿದೆ. ಎರಡನೆಯದನ್ನು ಪೂರ್ತಿ ತೆಗೆದುಹಾಕಿ ಸ್ಕ್ರೀನ್ ಮುದ್ರಣದಿಂದ ಹೊಸದಾಗಿ ಬರೆ. ದೀಪಾವಳಿಯೊಳಗೆ ಕಳುಹಿಸಿದರೆ ಹಬ್ಬದ ರಜೆಯಲ್ಲಿ ನಿಧಾನವಾಗಿ ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ