ಶನಿವಾರದ ಸಿನಿಮಾ: ‘ಆಹಾ ಕಲ್ಯಾಣಂ’

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 6ಕ್ಕೆ ನಮ್ಮ ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ 2014ರ ತಮಿಳು ಸಿನಿಮಾ ‘ಆಹಾ ಕಲ್ಯಾಣಂ’ ಹಾಕುತ್ತಿದ್ದೇವೆ. ಇದು 2010ರ ಹಿಂದಿ ‘ಬ್ಯಾಂಡ್ ಬಾಜಾ ಬಾರಾತ್’ನ ರೀಮೇಕ್. ಅಲ್ಲಿ ರಣ್‌ವೀರ್ ಸಿಂಗ್, ಅನುಷ್ಕಾ ಶರ್ಮಾ. ಇಲ್ಲಿ ನಾನಿ, ವಾಣಿ ಕಪೂರ್. ಊರವರ ಮದುವೆ ಮಾಡಿಸುವ ಬಿಸಿನೆಸ್‌ಗೆ ಇಳಿದ ಇಬ್ಬರು ತಾವೇ ಪ್ರೀತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನನಗೆ ಹಿಂದಿಯದೇ ಜಾಸ್ತಿ ಇಷ್ಟ. ಆ ಜಗಳ ಸಿನಿಮಾ ಮುಗಿದ ಮೇಲೆ ಆಡೋಣ!

ಬರುವವರು ಶುಕ್ರವಾರ ರಾತ್ರಿಯೊಳಗೆ ಎಷ್ಟು ಜನ ಅಂತ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ. ತಮಿಳು ಬಾರದವರಿಗೆ ಸಬ್‌ಟೈಟಲ್ ಇರುತ್ತದೆ. ಕಾಫಿ, ಮಂಡಕ್ಕಿ ನಮ್ಮ ಮನೆಯಿಂದ. ಚಾಪೆ ನೀವೇ ತನ್ನಿ. ಪ್ರೊಜೆಕ್ಟರ್ ಜೋಡಿಸಲು ಇಬ್ಬರು 5.30ಕ್ಕೆ ಬೇಕು, ಯಾರು ಬರುತ್ತೀರಿ?